ಬಿ ಗ್ರೇಡು ಅಂದರೆ ಎಷ್ಟು?

ಪ್ರಶ್ನೆ: ನಾವು ಬೈಲಹೊಂಗಲ ಕಡೆಯವರು. ಯಜಮಾನರಿಗೆ ವರ್ಗವಾಗಿ ಈ ಜೂನ್‌ನಲ್ಲಿ ಬೆಳಗಾವಿಯ ಟಿಳಕವಾಡಿಗೆ ಬಂದೆವು. ಮಗಳು ಈಗ ಏಳನೇ ಇಯತ್ತೆ. ಊರಲ್ಲಿ ಆರನೆಯದರವರೆಗೆ ಕ್ಲಾಸಿಗೇ ಮೊದಲು, 95ಕ್ಕಿಂತ ಕೆಳಗೆ ಇಳಿದವಳಲ್ಲ. ಇಲ್ಲಿ ಕ್ರಿಶ್ಚಿಯನ್ ಆಡಳಿತದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದೆವು. ಮೊದಲ ಪ್ರಗತಿಪತ್ರ ಬಂತು: ಕನ್ನಡಕ್ಕೆ ಎ, ಗಣಿತ, ವಿಜ್ಞಾನ, ಇಂಗ್ಲಿಷಿಗೆ ಬಿ. ರ‍್ಯಾಂಕ್ ಬರೆದೇ ಇಲ್ಲ. ಅದರ ಬದಲು ಜವಾಬ್ದಾರಿ, ಪ್ರಾಮಾಣಿಕತೆ, ಪರರ ಕಾಳಜಿ ಅಂತ ಬೇರೆ ಸಾಲುಗಳಿವೆ, ಜವಾಬ್ದಾರಿಗೆ ಸಿ. ಸಮಾಜ ವಿಜ್ಞಾನದ ಮುಂದೆ ಗ್ರೇಡೇ ಇಲ್ಲ, 'ಅಪೂರ್ಣ' ಅಂತಿದೆ. ಕೇಳಿದರೆ "ಪ್ರಾಜೆಕ್ಟ್ ಕೊಟ್ಟಿಲ್ಲ, ಕೊಡಲಿ, ಆಮೇಲೆ ಹಾಕುತ್ತೇವೆ" ಅಂದರು. ಅತ್ತೆಯವರು "ದಿನಾ ಪ್ರಾರ್ಥನಾ ಮಾಡಸ್ತಾರ, ನಾಳೆ ಧರ್ಮಾನೂ ಬದಲ ಮಾಡ್ತಾರ" ಅನ್ನುತ್ತಾರೆ. ಪಕ್ಕದ ಮನೆಯವರು "ಇಂಟರ್ನಲ್ ಮಾರ್ಕ್ಸು ಅವರವರ ಮಕ್ಕಳಿಗೇ" ಅಂದರು. ಮಗಳು ಹಿಂದೆ ಬಿದ್ದಳೇ? ಎಸ್ಸೆಸ್ಸೆಲ್ಸಿಗೆ ಪೆಟ್ಟು ಬೀಳುತ್ತದೆಯೇ? ಈಗಲೇ ಟಿ.ಸಿ. ತೆಗೆಸಿಬಿಡಬೇಕೇ?
— ಒಬ್ಬ ತಾಯಿ, ಬೆಳಗಾವಿ

ಉತ್ತರ: ತಾಯಿ, ಪತ್ರದ ಜತೆ ಎರಡು ಫೋಟೊ ಕಳಿಸಿದ್ದೀರಿ. ಎರಡನೆಯದನ್ನು ನೀವೇ ಪೂರ್ತಿ ಓದಿಲ್ಲ ಅಂತ ನನ್ನ ಅನುಮಾನ. ಅದು ಕಾರ್ಡಿನ ಹಿಂಬದಿ. ಪಾಲಕರ ಸಹಿಯ ಚೌಕದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಶಾಲೆ ತನ್ನ ಅಳತೆಯನ್ನು ಅಚ್ಚು ಹಾಕಿಸಿದೆ: 93 ಮತ್ತು ಮೇಲೆ ಎ ಪ್ಲಸ್, 85ರಿಂದ 92 ಎ, 75ರಿಂದ 84 ಬಿ, 65ರಿಂದ 74 ಸಿ, ಅದಕ್ಕೂ ಕೆಳಗೆ 'ಸಹಾಯ ಬೇಕು'. ಮಗಳಿಗೆ ಗಣಿತದಲ್ಲಿ 50ಕ್ಕೆ 38, ಅಂದರೆ ಶೇ. 76. ಆದ್ದರಿಂದ ಬಿ.

ಇದೇ 76ನ್ನು ನಮ್ಮ ರಾಜ್ಯದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ (ವರ್ಷವಿಡೀ ಚಟುವಟಿಕೆ, ಪರೀಕ್ಷೆಗಳಿಂದ ಅಳೆಯುವ ಪದ್ಧತಿ) ಅಳತೆಗೆ ಹಾಕಿ ನೋಡಿ. ಒಂಬತ್ತನೇ ತರಗತಿಯವರೆಗೆ ಅಲ್ಲಿ 70ರಿಂದ 89 ಅಂದರೆ ಎ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಾದರೆ 70ರಿಂದ 79ಕ್ಕೆ ಬಿ ಪ್ಲಸ್. ಇನ್ನು ರಾಜ್ಯದ ನಿರಂತರ ಮೌಲ್ಯಮಾಪನದಲ್ಲಿ ಬರಿಯ 'ಬಿ' ಅಂದರೆ 30ರಿಂದ 49. ಎಸ್ಸೆಸ್ಸೆಲ್ಸಿಯಲ್ಲಿ ಅದೇ ಬಿ 60ರಿಂದ 69. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಅಂಕಕ್ಕೂ ಅಕ್ಷರಕ್ಕೂ ನೇರ ಗಂಟೇ ಇಲ್ಲ: ಆ ವಿಷಯದಲ್ಲಿ ಪಾಸಾದವರನ್ನು ಅಂಕದ ಪ್ರಕಾರ ಸಾಲು ನಿಲ್ಲಿಸಿ ಮೊದಲ ಎಂಟನೇ ಒಂದು ಪಾಲಿಗೆ ಎ-1, ಮುಂದಿನ ಪಾಲಿಗೆ ಎ-2, ಹೀಗೆ ಇಳಿಯುತ್ತದೆ. ಇನ್ನೂ ತಮಾಷೆ ಬೇಕೆಂದರೆ, ಶೇಕಡಾ ಅಂಕಕ್ಕೆ ಅಕ್ಷರ ಗಂಟು ಹಾಕಿದ ಹಳೆಯ ಪದ್ಧತಿಗಳಲ್ಲಿ ಒಂದು ಅಮೆರಿಕದ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ಕಾಲೇಜಿನದು, 1897ರದು. ಅಲ್ಲಿ 76ರಿಂದ 84ಕ್ಕೆ ಸಿ, ಸರಿಯಾಗಿ 75 ಬಂದರೆ ಡಿ, 75ಕ್ಕಿಂತ ಒಂದು ಕಮ್ಮಿ ಆದರೂ ನಪಾಸು.

ಹಿಂದೆ ಕಾಳು ಅಳೆಯುವಾಗ ಊರ ಸೇರು ಬೇರೆ, ಪೇಟೆ ಸೇರು ಬೇರೆ ಅಂತ ಜಗಳ ಆಗುತ್ತಿತ್ತಲ್ಲ, ಹಾಗೆ ಇದು. ಬೈಲಹೊಂಗಲದ ಸೇರಿನಲ್ಲಿ ಅಳೆದ ಹುಡುಗಿಯನ್ನು ಬೆಳಗಾವಿಯ ಸೇರಿನಲ್ಲಿ ಅಳೆದಿದ್ದಾರೆ. ಕಾಳು ಅಷ್ಟೇ ಇದೆ.

ಹಾಗಂತ ಚಿಂತೆಯೇ ಬೇಡ ಅನ್ನುತ್ತಿಲ್ಲ. ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಂಡಿವೆ: ಮಗಳ ಓದು ಕುಸಿಯಿತೇ, ಗ್ರೇಡಿನೊಳಗೆ ಧರ್ಮ ಸೇರಿದೆಯೇ, ಹತ್ತನೇ ತರಗತಿಗೆ ಪೆಟ್ಟಾಗುತ್ತದೆಯೇ. ಇವುಗಳ ಮಧ್ಯೆ ನೀವು ಕೇಳದೇ ಬಿಟ್ಟ ನಾಲ್ಕನೆಯದೊಂದಿದೆ, ನನಗೆ ಕಂಡಂತೆ ನಿಜವಾದ ಅಪಾಯ ಅಲ್ಲಿರುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 38ನ್ನು ಬಿಚ್ಚೋಣ. ಕಿರುಪರೀಕ್ಷೆಯಲ್ಲಿ 20ಕ್ಕೆ 18. ಅಂದರೆ ಶೇ. 90. ಊರಿನ ಹುಡುಗಿ ಎಲ್ಲೂ ಹೋಗಿಲ್ಲ, ಅಲ್ಲೇ ಕೂತಿದ್ದಾಳೆ. ಕಳೆದುಕೊಂಡದ್ದು ಚಟುವಟಿಕೆಗಳಲ್ಲಿ: ಒಂದರಲ್ಲಿ 15ಕ್ಕೆ 11, ಇನ್ನೊಂದರಲ್ಲಿ 15ಕ್ಕೆ 9. ಈ ಒಂಬತ್ತು ಬಂದ ಪ್ರಾಜೆಕ್ಟ್ ಏನು ಅಂತ, ಇಲ್ಲಿ ಅಚ್ಚಾಗದ ಪತ್ರದ ಭಾಗದಲ್ಲಿ ನೀವೇ ಬರೆದಿದ್ದೀರಿ. ಮನೆಯ ಒಂದು ತಿಂಗಳ ಕಿರಾಣಿ ಚೀಟಿ ತೆಗೆದುಕೊಂಡು, ಎಣ್ಣೆಗೆ ಎಷ್ಟು ಪಾಲು, ಬೇಳೆಗೆ ಎಷ್ಟು, ಚಹಾ-ಸಕ್ಕರೆಗೆ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುವುದು. ಒಳ್ಳೆಯ ಪ್ರಾಜೆಕ್ಟ್, ನಿಜ ಹೇಳಬೇಕೆಂದರೆ ನನಗೆ ಹೊಳೆದಿದ್ದರೆ ನಾನೂ ಕೊಡುತ್ತಿದ್ದೆ. ನಿಮ್ಮ ಮಗಳು ಚೀಟಿ ಅಂಟಿಸಿದ್ದಾಳೆ, ಮುಂದೆ ಉತ್ತರಗಳನ್ನು ಬಣ್ಣದ ಪೆನ್ನಿನಲ್ಲಿ ಬರೆದಿದ್ದಾಳೆ. ಭಾಗಾಕಾರ ಎಲ್ಲೂ ಇಲ್ಲ. ಟೀಚರು ಪಕ್ಕದಲ್ಲಿ ಎರಡು ವಾಕ್ಯ ಬರೆದಿದ್ದಾರೆ: "ಹಂತಗಳನ್ನು ತೋರಿಸಿಲ್ಲ. ಎರಡು ದಿನ ತಡ."

ನೀವು ಆ ಒಂಬತ್ತನ್ನು ನೋಡಿದಿರಿ, ಎರಡು ವಾಕ್ಯ ನೋಡಲಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಇದು ಎಲ್ಲ ಮನೆಗಳಲ್ಲೂ ಆಗುವ ಮಾತು. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಶಾಲಾ ಮಕ್ಕಳ ಮೇಲೆ ಮಾಡಿದ ಪ್ರಯೋಗ ನಮ್ಮ ಮಾಸ್ತರಿಕೆಯ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಕೆಲವು ಮಕ್ಕಳಿಗೆ ಬರಿ ಅಂಕ ಕೊಟ್ಟರು, ಕೆಲವರಿಗೆ ಬರಿ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರಿ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಟಿಪ್ಪಣಿಯ ಲಾಭ ಆಗಲಿಲ್ಲ, ಅಂಕ ಅದನ್ನು ನುಂಗಿಬಿಟ್ಟಿತ್ತು. ರ‍್ಯಾಂಕ್ ಬರೆಯದ ಶಾಲೆಗಳ ಹಿಂದೆ ಇಂಥ ಯೋಚನೆ ಇರುತ್ತದೆ. ಸೋಮಾರಿತನದಿಂದ ರ‍್ಯಾಂಕ್ ಬಿಟ್ಟ ಶಾಲೆಗಳನ್ನೂ ನಾನು ಕಂಡಿದ್ದೇನೆ, ಆ ಮಾತು ಬೇರೆ. ಗುರುತಿಸುವುದು ಸುಲಭ: ಅಲ್ಲಿ ರ‍್ಯಾಂಕೂ ಇರುವುದಿಲ್ಲ, ಟಿಪ್ಪಣಿಯೂ ಇರುವುದಿಲ್ಲ.

ಇನ್ನು ಆ 95. ಊರಿನ ಶಾಲೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಾಠದ ಕೊನೆಯ ಪ್ರಶ್ನೆಗಳನ್ನೇ ಪರೀಕ್ಷೆಗೆ ಕೊಟ್ಟು, ನೋಟ್ಸಿನಲ್ಲಿದ್ದ ಉತ್ತರವನ್ನೇ ನಿರೀಕ್ಷಿಸುವ ಕಡೆ ಚುರುಕು ಮಗು 95 ತರುತ್ತದೆ, ತರಲೇಬೇಕು. ಆ ಬಾಯಿಪಾಠದ ಶಕ್ತಿ ಆಸ್ತಿಯೇ. ಹೊಸ ಶಾಲೆ ಅದರ ಮೇಲೆ ಇನ್ನೊಂದನ್ನು ಕೇಳುತ್ತಿದೆ, ಅದೂ ಇಂಗ್ಲಿಷಿನಲ್ಲಿ. ಆರು ವರ್ಷ ಕನ್ನಡದಲ್ಲಿ ಯೋಚಿಸಿದ ಹುಡುಗಿ ನಾಲ್ಕು ತಿಂಗಳಲ್ಲಿ ವಿಜ್ಞಾನಕ್ಕೆ ಬಿ ತಂದಿದ್ದಾಳೆ ಅಂದರೆ ನಾನಾದರೆ ಪೇಢೆ ಹಂಚುತ್ತಿದ್ದೆ.

ಈಗ ಶಾಲೆಯ ತತ್ವದ ವಿಚಾರ. 'ಕ್ರಿಶ್ಚಿಯನ್ ಶಾಲೆ' ಅಂತ ಒಂದೇ ಅಚ್ಚಿನ ಶಾಲೆ ಇಲ್ಲ. ಲಂಡನ್ ಮಿಷನ್‌ನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ಊರಿನ ಕ್ಯಾಂಪ್ ಭಾಗದ (ದಂಡು ಪ್ರದೇಶದ) ಸೇಂಟ್ ಪಾಲ್ಸ್ ಶಾಲೆ 1856ರದು, ಅದು ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಂಥದ ಪಾದ್ರಿಗಳದು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದು, ಮುಂದೆ ಗುಳೇದಗುಡ್ಡದ ನೇಕಾರರ ಓಣಿಯವರೆಗೂ ಹೋಯಿತು. ಸಿಸ್ಟರ್‌ಗಳ ಕಾನ್ವೆಂಟುಗಳು ಬೇರೆ, ಮೆಥೊಡಿಸ್ಟರ ಶಾಲೆಗಳು ಬೇರೆ, ಇತ್ತೀಚೆಗೆ ಖಾಸಗಿಯಾಗಿ ಶುರುವಾದವು ಇನ್ನೂ ಬೇರೆ. ಲಂಡನ್, ಬಾಸೆಲ್ ಮಿಷನ್ನಿನವರಂಥ ಪ್ರೊಟೆಸ್ಟೆಂಟರಿಗೆ ಪ್ರತಿಯೊಬ್ಬರೂ ತಾವೇ ಬೈಬಲ್ ಓದಬೇಕು, ಹೆಣ್ಣುಮಕ್ಕಳೂ ಓದಬೇಕು, ಹೀಗಾಗಿ ಎಲ್ಲರಿಗೂ ಓದು ಬರುವುದು ಮುಖ್ಯವಾಗಿತ್ತು. ಡಾನ್ ಬಾಸ್ಕೊ ಪಂಥದವರು 1877ರಲ್ಲಿ ತಮ್ಮ ಗುರು ಬರೆದ ಮೂರು ಮಾತು ಹಿಡಿದಿದ್ದಾರೆ: ವಿವೇಕ, ಧರ್ಮ, ಅಕ್ಕರೆ. ಶಿಕ್ಷೆ ಎಲ್ಲದರ ಕೊನೆಗೆ. ಜೆಸ್ಯೂಟರದು ಸ್ವಾರಸ್ಯದ ಕಥೆ. 1599ರಲ್ಲಿ ಅವರು ಜಗತ್ತಿನ ತಮ್ಮ ಶಾಲೆಗಳಿಗೆಲ್ಲ ಒಂದು ನಿಯಮಾವಳಿ ಮಾಡಿದರು. ಅದರಲ್ಲಿ ಸ್ಪರ್ಧೆಗೆ ದೊಡ್ಡ ಮಣೆ: ಪ್ರತಿ ಹುಡುಗನಿಗೆ ಒಬ್ಬ ಎದುರಾಳಿ, ವರ್ಷಕ್ಕೊಮ್ಮೆ ಬಹುಮಾನ, ಕ್ಲಾಸೇ ಎರಡು ಪಾಳೆಯವಾಗಿ ವಾದಕ್ಕೆ ನಿಲ್ಲುವುದು. ಅದೇ ಪಂಥದವರು 1993ರ ಹೊತ್ತಿಗೆ ಅನುಭವ, ಚಿಂತನೆ, ಕ್ರಿಯೆ ಅಂತ ಬೇರೆಯೇ ದಾರಿಯ ಮಾತಾಡುತ್ತಿದ್ದರು. ಅಂದರೆ ನೀವು ಹುಡುಕುತ್ತಿರುವ ಆ ರ‍್ಯಾಂಕಿಗೂ ಒಂದು ಬೇರು ಪಾದ್ರಿಗಳ ಶಾಲೆಯಲ್ಲೇ ಇದೆ.

ಈಗಿನ ಇಂಥ ಶಾಲೆಗಳ ಗ್ರೇಡಿನ ಹಿಂದೆ ಎರಡು ನಂಬಿಕೆ ಕೆಲಸ ಮಾಡುತ್ತವೆ. ಮನುಷ್ಯ ದೇವರ ಹೋಲಿಕೆಯಲ್ಲಿ ಹುಟ್ಟಿದವನು, ಆದ್ದರಿಂದ ಮಗುವಿನ ಬೆಲೆ ಅಂಕದಿಂದ ಬರುವುದಲ್ಲ ಎಂಬುದು ಒಂದು. ಇನ್ನೊಂದು ಬೈಬಲಿನ ಮತ್ತಾಯನ ಸುವಾರ್ತೆಯ ತಲಾಂತುಗಳ (ಹಳೆಯ ಕಾಲದ ಹಣದ ಅಳತೆ) ಕಥೆಯಿಂದ ಬಂದದ್ದು. ಯಜಮಾನ ಒಬ್ಬ ಆಳಿಗೆ ಐದು ತಲಾಂತು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ಕೊಟ್ಟು ಪರಸ್ಥಳಕ್ಕೆ ಹೋಗುತ್ತಾನೆ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಸಿಗುವ ಹೊಗಳಿಕೆ ಅಕ್ಷರಶಃ ಒಂದೇ. ಬೈಸಿಕೊಳ್ಳುವವನು ಹೂತಿಟ್ಟವನು. ಶ್ರಮಕ್ಕೆ ಬೇರೆ ಗ್ರೇಡು, ಜವಾಬ್ದಾರಿಗೆ ಬೇರೆ ಗ್ರೇಡು ಅನ್ನುವ ಸಾಲುಗಳು ಇಂಥ ಯೋಚನೆಯಿಂದ ಬಂದವು. ಚೆಲುವಾದ ಯೋಚನೆ. ಆದರೆ ಮೂವತ್ತು ಚಿಲ್ಲರೆ ವರ್ಷ ಕ್ಲಾಸಿನಲ್ಲಿ ನಿಂತವನಾಗಿ ನನಗೆ ಅದರಲ್ಲಿ ಒಂದು ಮುಳ್ಳು ಕಾಣುತ್ತದೆ: ಯಾವ ಮಗು ಎರಡು ತಲಾಂತಿನದು ಅಂತ ನಿರ್ಧರಿಸುವವರು ಯಾರು? ಹಳ್ಳಿಯಿಂದ ಬಂದವಳು, ಕನ್ನಡ ಮೀಡಿಯಂ, ಇಂಗ್ಲಿಷ್ ತೊದಲುತ್ತಾಳೆ, ಪಾಪ ಅವಳ ಮಟ್ಟಿಗೆ ಇಷ್ಟೇ ದೊಡ್ಡದು ಅಂತ ಟೀಚರು ಮನಸ್ಸಿನಲ್ಲೇ ಗೆರೆ ಎಳೆದುಬಿಟ್ಟರೆ, ಆ ಕರುಣೆಯೇ ಅವಳಿಗೆ ಗೋಡೆ. ನಿಮ್ಮ ಮಗಳಿಗೆ ಹಾಗೆ ಮಾಡಿಲ್ಲ. ಬಿ ಕೊಟ್ಟು "ಹಂತ ತೋರಿಸು" ಅಂದಿದ್ದಾರೆ. ಅದು ಗೌರವ ಕೊಟ್ಟ ಲಕ್ಷಣ.

'ಅಪೂರ್ಣ'ದ ವಿಚಾರಕ್ಕೆ ನನ್ನದೇ ತಪ್ಪೊಂದನ್ನು ಹೇಳಬೇಕು. ನೌಕರಿಯ ಮೊದಮೊದಲು ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಶಿಸ್ತಿನ ಮಾಸ್ತರ ಅಂತ ಹೆಸರು ಬೇಕಿತ್ತು. ಮನೆಗೆಲಸ ತರದಿದ್ದರೆ ಸೊನ್ನೆ, ಮಾತಿಲ್ಲ. ಒಬ್ಬ ಹುಡುಗನಿಗೆ ಮೂರು ಟೆಸ್ಟಿನಲ್ಲಿ ತಲಾ 90 ಬಂದಿತ್ತು. ನಾಲ್ಕನೆಯದರ ಹೊತ್ತಿಗೆ ಹುಡುಗ ನಾಪತ್ತೆ. ಕೇಳಿದರೆ ಹುಡುಗರು "ಕಬ್ಬಿಗೆ ಹೋಗ್ಯಾನ್ರಿ ಸರ" ಅಂದರು. ಅಪ್ಪ-ಅವ್ವ ಕಟಾವಿನ ಗ್ಯಾಂಗಿನಲ್ಲಿದ್ದರು, ಇವನೂ ಸಿವುಡು ಕಟ್ಟಲು ಹೋಗಿದ್ದ. ಸೊನ್ನೆ ಹಾಕಿದೆ. 90, 90, 90, ಸೊನ್ನೆ, ಸರಾಸರಿ 67.5. ಅವನಿಗೆ ಗಣಿತ 90ರಷ್ಟು ಬರುತ್ತಿತ್ತು, ನನ್ನ ರಿಜಿಸ್ಟರು 67.5 ಅಂತ ಸುಳ್ಳು ಹೇಳಿತು. ಗಣಿತದ ಮಾಸ್ತರನಿಗೇ ಈ ಲೆಕ್ಕ ಹೊಳೆಯಲು ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಹುಡುಗ ಶಾಲೆ ಬಿಟ್ಟಿದ್ದ. ಆ ಸೊನ್ನೆಯಿಂದಲೇ ಬಿಟ್ಟ ಅನ್ನಲಾರೆ, ಆದರೆ ಇವತ್ತಿಗೂ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಆ ರಿಜಿಸ್ಟರು ಕಣ್ಣಿಗೆ ಬರುತ್ತದೆ.

ಸೊನ್ನೆಯ ಬದಲು 'ಅಪೂರ್ಣ' ಹಾಕುವುದು ಈ ಸುಳ್ಳನ್ನು ತಪ್ಪಿಸಲು. ಕಲಿತಿದ್ದೀಯೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ, ತೋರಿಸು, ಆಮೇಲೆ ಹೇಳುತ್ತೇವೆ ಅಂತ ಅದರ ಅರ್ಥ. ಹಿಡಿತ ಬರುವವರೆಗೆ ಮತ್ತೆ ಕಲಿಸುವ ಈ ಪದ್ಧತಿಯನ್ನು 1968ರಲ್ಲಿ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಶಾಸ್ತ್ರೀಯವಾಗಿ ಮಂಡಿಸಿದರು. ಕ್ರೈಸ್ತ ಶಾಲೆಗಳು ಅದನ್ನು ಕ್ಷಮೆಯ ಮಾತಿನಲ್ಲಿ ಹೇಳುತ್ತವೆ, ಅಷ್ಟೇ ವ್ಯತ್ಯಾಸ. ನಮ್ಮ ಸರ್ಕಾರವೇ 2023–24ರಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಕೊಟ್ಟು, ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಇಟ್ಟುಕೊಳ್ಳಿ ಅನ್ನಲಿಲ್ಲವೇ? ಆದರೆ ಇದರಲ್ಲೂ ಕೊಕ್ಕೆ ಇದೆ. ಕೊನೆಯ ದಿನಾಂಕವೇ ಇಲ್ಲದ 'ಅಪೂರ್ಣ' ಮಗುವಿಗೆ ಮುಂದೂಡುವುದನ್ನು ಕಲಿಸುತ್ತದೆ. ಜಾಣ ಮಕ್ಕಳು ಇದನ್ನು ಹದಿನೈದು ದಿನದಲ್ಲಿ ಕಂಡುಹಿಡಿಯುತ್ತಾರೆ.

ಇನ್ನು ಧರ್ಮದ ಮಾತು. ಅತ್ತೆಯವರ ಆತಂಕವನ್ನು ನಗೆಯಾಡಿ ತಳ್ಳಬೇಡಿ, ಮೊಮ್ಮಗಳ ಮೇಲಿನ ಕಕ್ಕುಲಾತಿ ಅದು. ಅವರಿಗೆ ಹೇಳಬೇಕಾದದ್ದು ಇಷ್ಟು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಮೂರನೇ ಉಪವಿಧಿ ನಿಮಗೂ ಒಂದು ಹಕ್ಕು ಕೊಟ್ಟಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಪಾಲಕರ ಒಪ್ಪಿಗೆ ಇಲ್ಲದೆ ಕೂರಿಸುವಂತಿಲ್ಲ. ಆದ್ದರಿಂದ ಪ್ರವೇಶದ ಫಾರ್ಮನ್ನು ಹುಡುಕಿ ತೆಗೆಯಿರಿ. ನೀವು ಎಲ್ಲಿ ಸಹಿ ಹಾಕಿದ್ದೀರಿ, ಅದರಲ್ಲಿ ಒಪ್ಪಿಗೆಯ ಸಾಲು ಇದೆಯೇ ನೋಡಿ. ಬೇಡವೆನಿಸಿದರೆ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಸಾಕು. ಸಾಮಾನ್ಯವಾಗಿ ಕ್ಯಾಥೊಲಿಕ್ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಪೀರಿಯಡ್‌ನಲ್ಲಿ ಉಳಿದವರಿಗೆ ನೀತಿಪಾಠ ಇರುತ್ತದೆ. ನಾನೂ ಮಿಷನ್ ಶಾಲೆಯಲ್ಲಿ ಓದಿದವನೇ. ಬೆಳಗ್ಗೆ ಅಲ್ಲಿ ಕೈಮುಗಿದು ನಿಂತು, ಸಂಜೆ ಮನೆಯಲ್ಲಿ ಅಜ್ಜನ ಪಕ್ಕ ವಿಭೂತಿ ಹಚ್ಚಿಕೊಂಡು ಕೂತು ಬೆಳೆದೆ. ಆದರೆ ನನ್ನ ಅನುಭವ ನಿಮ್ಮ ಮನೆಯ ತೀರ್ಮಾನ ಆಗಬೇಕಿಲ್ಲ.

ಧರ್ಮ ನೋಡಿ ಅಂಕ ಹಾಕುತ್ತಾರೆ ಅನ್ನುವುದಕ್ಕೆ ನನ್ನ ಇಷ್ಟು ವರ್ಷದಲ್ಲಿ ನಂಬುವಂಥ ಆಧಾರ ಸಿಕ್ಕಿಲ್ಲ. ಅಂಕ ಅಲುಗಾಡುವುದು ಮಾತ್ರ ಹೊಸದಲ್ಲ. ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 1913ರಲ್ಲಿ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ಬಹಳ ಜನ ಶಿಕ್ಷಕರಿಂದ ತಿದ್ದಿಸಿದರು. ಒಬ್ಬರು 28 ಕೊಟ್ಟರು, ಇನ್ನೊಬ್ಬರು 92. ಗಣಿತದಲ್ಲಿ ಹೀಗೆ! ಆ ಪತ್ರಿಕೆಗೆ ಜಾತಿ-ಧರ್ಮ ಏನೂ ಇರಲಿಲ್ಲ. ಅಲುಗಾಟಕ್ಕೆ ಮದ್ದು ಏನೆಂದರೆ ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಡುವುದು. ಕಿರಾಣಿ ಚೀಟಿಯ ಪ್ರಾಜೆಕ್ಟಿಗೆ ಅಂಥ ಪಟ್ಟಿ ಇತ್ತೇ, ಕೇಳಿ.

ಇಲ್ಲಿಂದ ನಾನು ಹೇಳಿದ ನಾಲ್ಕನೆಯ ಆತಂಕ ಶುರುವಾಗುತ್ತದೆ. "ಹಂತಗಳನ್ನು ತೋರಿಸಿಲ್ಲ. ಎರಡು ದಿನ ತಡ." ಮೊದಲ ವಾಕ್ಯ ಗಣಿತದ್ದು, ಎರಡನೆಯದು ನಡತೆಯದು. ಕಳೆದ ಆರು ಅಂಕದಲ್ಲಿ ಹಂತಕ್ಕೆ ಎಷ್ಟು ಹೋಯಿತು, ತಡಕ್ಕೆ ಎಷ್ಟು ಹೋಯಿತು? ತಡ ಮಾಡಿದ್ದಕ್ಕೆ ಜವಾಬ್ದಾರಿ ಸಾಲಿನಲ್ಲಿ ಆಗಲೇ ಸಿ ಕೊಟ್ಟಿದ್ದಾರೆ. ಗಣಿತದಲ್ಲೂ ಅದಕ್ಕೇ ಕಡಿದಿದ್ದರೆ ಒಂದೇ ತಪ್ಪಿಗೆ ಎರಡು ದಂಡ. ನಡತೆಗೆ ಬೇರೆ ಸಾಲು ಇಟ್ಟಿರುವುದೇ ಅದು ವಿಷಯದ ಅಂಕದೊಳಗೆ ನುಗ್ಗದಿರಲಿ ಅಂತ. ಮೌಲ್ಯದ ಮಾತು ಹೆಚ್ಚಾಡುವ ಶಾಲೆಗಳಲ್ಲಿ, ಅದು ಕ್ರೈಸ್ತರದಿರಲಿ, ಮಠದ್ದಿರಲಿ, ಈ ಬೇಲಿ ಮುರಿಯುವ ಸಂಭವ ಹೆಚ್ಚು. ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಅಸೆಂಬ್ಲಿಯಲ್ಲಿ ಮಾತಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಐದು ಅಂಕ ಕಳೆದದ್ದನ್ನು ಕಣ್ಣಾರೆ ನೋಡಿ ಜಗಳ ಆಡಿದ್ದೇನೆ. ಮಾತಾಡಿದರೆ ಇಂಗ್ಲಿಷ್ ಕಮ್ಮಿ ಆಗುತ್ತದೆಯೇ?

ಎಸ್ಸೆಸ್ಸೆಲ್ಸಿ ಲೆಕ್ಕ ಬೇಗ ಮುಗಿಸುತ್ತೇನೆ. ಏಳನೆಯ ತರಗತಿಯ ಗ್ರೇಡು ಅಲ್ಲಿಗೆ ಹೋಗುವುದಿಲ್ಲ. ಹತ್ತರಲ್ಲಿ ಒಟ್ಟು 625: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ ನೂರು. ಇದರಲ್ಲಿ ಆಂತರಿಕ ಅಂಕ ಪ್ರಥಮ ಭಾಷೆಗೆ 25, ಉಳಿದವಕ್ಕೆ 20. ಕೂಡಿಸಿದರೆ 125, ಸರಿಯಾಗಿ ಐದನೇ ಒಂದು ಪಾಲು. ಇದು ಬರುವುದು ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ, ಅಂದರೆ ಮಗಳು ಈಗ ಎಡವಿರುವಂಥ ಚಟುವಟಿಕೆ, ಪ್ರಾಜೆಕ್ಟು, ಕಿರುಪರೀಕ್ಷೆಗಳಿಂದ. ಪಕ್ಕದ ಮನೆಯವರ ಮಾತಿಗೆ ಉತ್ತರವೂ ಇಲ್ಲೇ ಇದೆ. ನಾನು ಕಂಡ ಮಟ್ಟಿಗೆ ಬಹುತೇಕ ಶಾಲೆಗಳು ಆಂತರಿಕ ಅಂಕವನ್ನು ಎಲ್ಲರಿಗೂ ಧಾರಾಳವಾಗಿ ಕೊಡುತ್ತವೆ, ಏಕೆಂದರೆ ಫಲಿತಾಂಶ ಬಿದ್ದರೆ ಶಾಲೆಯ ಹೆಸರೇ ಬೀಳುತ್ತದೆ. ಮೇಲು-ಕೀಳು ತೀರ್ಮಾನವಾಗುವುದು ಲಿಖಿತ ಪರೀಕ್ಷೆಯಲ್ಲಿ. ಅದನ್ನು ತಿದ್ದುವವರು ಮೌಲ್ಯಮಾಪನ ಕೇಂದ್ರದ ಬೇರೆ ಶಿಕ್ಷಕರು, ಅವರಿಗೆ ನಿಮ್ಮ ಮಗಳ ಹೆಸರೂ ಕಾಣುವುದಿಲ್ಲ.

ಇನ್ನು ಟಿ.ಸಿ. ವರ್ಷದ ಮಧ್ಯೆ ತೆಗೆಸಬೇಡಿ ಅಂತಲೇ ನನ್ನ ಅಭಿಪ್ರಾಯ. ಆರು ತಿಂಗಳಲ್ಲಿ ಎರಡನೆಯ ಸಲ ಶಾಲೆ, ಗೆಳತಿಯರು, ಸೇರು ಎಲ್ಲ ಬದಲಾದರೆ ಹುಡುಗಿ 'ತಪ್ಪು ನನ್ನದೇ' ಅಂದುಕೊಳ್ಳುತ್ತಾಳೆ. ಕಟ್ಟಿದ ಫೀ ವಾಪಸು ಬರುವುದೂ ಕಷ್ಟ. ಬದಲಿಸಲೇಬೇಕೆಂದರೆ ಎಂಟನೆಯ ತರಗತಿ ಸಹಜವಾದ ಕವಲು, ನಮ್ಮಲ್ಲಿ ಹೈಸ್ಕೂಲು ಅಲ್ಲಿಂದ. ಆಗ ಒಂದು ವಿಷಯ ಗಟ್ಟಿ ಕೇಳಿ: ಪ್ರಥಮ ಭಾಷೆ ಯಾವುದು? 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇದ್ದೇ ಇರುತ್ತದೆ. ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಹೆಚ್ಚಾಗಿ ಇಂಗ್ಲಿಷನ್ನು ಪ್ರಥಮಕ್ಕೆ, ಕನ್ನಡವನ್ನು ದ್ವಿತೀಯಕ್ಕೆ ಇಡುತ್ತಾರೆ. ಕನ್ನಡದಲ್ಲಿ ಎ ತರುವ ಹುಡುಗಿಗೆ ಆ 125 ಅಂಕ ಯಾವ ಭಾಷೆಯಲ್ಲಿ ಅನ್ನುವುದು ಸಣ್ಣ ವಿಷಯವಲ್ಲ.

ಇಲ್ಲೇ ಉಳಿಯುವುದಾದರೆ ಇನ್ನೊಂದು ಮಾತು ಗೊತ್ತಿರಲಿ. ಎಂಟರವರೆಗೆ ನಪಾಸೇ ಇಲ್ಲ ಅನ್ನುವ ಮಾತು 2009ರ ಶಿಕ್ಷಣ ಹಕ್ಕು ಕಾಯ್ದೆಯದು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಯಲ್ಲಿ ಅದನ್ನು ಸಡಿಲಿಸಲು ಸರ್ಕಾರಗಳಿಗೆ ದಾರಿ ಬಿಟ್ಟಿತು. ಅದಕ್ಕೂ ಮುಂಚೆ, 2014ರಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಅಂದಿತು. ಆದ್ದರಿಂದ ಮೇಲಿನ ತರಗತಿಗೆ ಕಳಿಸುವ ನಿಯಮ ಏನು ಅಂತ ಶಾಲೆಯಿಂದಲೇ ಲಿಖಿತವಾಗಿ ತಿಳಿದುಕೊಳ್ಳಿ, ಅಂದಾಜಿನ ಮೇಲೆ ಇರಬೇಡಿ.

ಟ್ಯೂಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದಿನ ವಾರ ಯಾರಾದರೂ ಹೇಳಿಯೇ ಹೇಳುತ್ತಾರೆ. ಗಣಿತಕ್ಕೆ ಬೇಡ, 20ಕ್ಕೆ 18 ತಂದವಳಿಗೆ ಏನು ಹೇಳಿಕೊಡುತ್ತಾರೆ? ಇಂಗ್ಲಿಷಿಗೆ ದಿನಾ ಅರ್ಧ ಗಂಟೆ ಯಾರಾದರೂ ಜತೆ ಕೂತು ಗಟ್ಟಿಯಾಗಿ ಓದಿಸಿದರೆ ಸಾಕು. ಟ್ಯೂಷನ್‌ನವರು ಪ್ರಾಜೆಕ್ಟ್ ಮಾಡಿಕೊಡಲು ಶುರು ಮಾಡಿದರೆ ಇದ್ದದ್ದೂ ಹೋಯಿತು.

ಪಾಲಕರು ಟೀಚರನ್ನು ಕಾಣುವ ಓಪನ್ ಡೇಗೆ ನೀವಿಬ್ಬರೂ ಹೋಗಿ. ಮಗಳನ್ನೂ ಕೂರಿಸಿಕೊಳ್ಳಿ. "ನಮ್ಮ ಹುಡುಗಿಗೆ ಬಿ ಯಾಕೆ" ಅಂತ ಶುರು ಮಾಡಿದರೆ ಟೀಚರು ಗುರಾಣಿ ಎತ್ತುತ್ತಾರೆ. ಪ್ರಾಜೆಕ್ಟಿನ ಪುಟ ಮುಂದಿಟ್ಟು, "ಮಿಸ್, ಇದೇ ಪುಟ 15ಕ್ಕೆ 13 ಆಗಬೇಕಿದ್ದರೆ ಏನು ಇರಬೇಕಿತ್ತು?" ಅಂತ ಕೇಳಿ. ಒಳ್ಳೆಯ ಟೀಚರಾದರೆ ಪೆನ್ನು ತೆಗೆದು ತೋರಿಸುತ್ತಾರೆ. ಆಮೇಲೆ ಮೆತ್ತಗೆ, ತಡಕ್ಕೆ ಎಷ್ಟು ಕಳೆದಿರಿ ಅಂತ. ನೀತಿಪಾಠದ ಗ್ರೇಡು ಒಟ್ಟು ಶೇಕಡಾ ಲೆಕ್ಕದಲ್ಲಿ ಸೇರುತ್ತದೆಯೇ ಅಂತ. ಉತ್ತರ ಸ್ಪಷ್ಟವಾಗಿದ್ದರೆ ನಿಮ್ಮ ಅರ್ಧ ಭಾರ ಇಳಿಯಿತು. "ಅದೆಲ್ಲ ನಮ್ಮ ಪಾಲಿಸಿ ರೀ" ಅಂತ ಹಾರಿಸಿದರೆ, ಮಾರನೇ ದಿನ ಇದೇ ಪ್ರಶ್ನೆಗಳನ್ನು ಮುಖ್ಯೋಪಾಧ್ಯಾಯರಿಗೆ ಬರೆದು ಕೊಟ್ಟು, ಪ್ರತಿಗೆ ಸ್ವೀಕೃತಿಯ ಸಹಿ ತಗೊಳ್ಳಿ. ಎಂಟನೆಯ ತರಗತಿಗೆ ಇಲ್ಲಿರಬೇಕೋ ಬೇಡವೋ ಅನ್ನುವುದನ್ನು ಆ ಉತ್ತರ ನೋಡಿ ನಿರ್ಧರಿಸಿ, ಈ ಬಿ ನೋಡಿ ಅಲ್ಲ.

ಅದಕ್ಕಿಂತ ಮೊದಲು ಆ 'ಅಪೂರ್ಣ' ಮುಗಿಸಿಬಿಡಿ. ಆ ಸಮಾಜ ವಿಜ್ಞಾನದ ಪ್ರಾಜೆಕ್ಟ್ ಬೆಳಗಾವಿ ಕೋಟೆಯದು ಅಂತ ಬರೆದಿದ್ದೀರಿ. ಖಡೇಬಜಾರದಲ್ಲಿ ರೆಡಿಮೇಡ್ ಚಾರ್ಟ್ ಸಿಗುತ್ತದೆ, ತರಬೇಡಿ. ಟಿಳಕವಾಡಿಯಿಂದ ಕೋಟೆ ಎಷ್ಟು ದೂರ? ಭಾನುವಾರ ಬೆಳಗ್ಗೆ ಕರೆದುಕೊಂಡು ಹೋಗಿ, ಅತ್ತೆಯವರೂ ಬರಲಿ. ಕಮಲ ಬಸದಿಯ ಚಾವಣಿಗೆ ಕಲ್ಲಿನ ತಾವರೆ ತೂಗುಬಿದ್ದಿದೆ, ಅದರ ದಳ ಎಣಿಸಲಿ. ಅಲ್ಲಿಂದ ಸಫಾ ಮಸೀದಿಗೆ ಎಷ್ಟು ಹೆಜ್ಜೆ ಅಂತ ನಡೆದು ನೋಡಲಿ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಬರೆಯುವವಳು ಅವಳೇ ಆಗಿರಲಿ. ನೀವು ಬೇಕಾದರೆ ಅಂಚಿಗೆ ಗೆರೆ ಹೊಡೆದುಕೊಡಿ.